ತಪ್ಪನ್ನು ತಿದ್ದುವ ಗಣಿತ ಕೊಟ್ಟ ನಾರ್ಬರ್ಟ್ ವೀನರ್



ಮೊಬೈಲಿನಲ್ಲಿ ಮಾತನಾಡುವಾಗ ಸ್ವರ ಕಡಿದು ಹೋಗುವುದು ನಿಮಗೆಲ್ಲ ಗೊತ್ತಿರುವ ಅನುಭವ. ಆಗ ನಾವು ಇನ್ನೊಮ್ಮೆ ಹೇಳಿ ಎನ್ನುತ್ತೇವೆ, ಆ ಕಡೆಯವರು ಇನ್ನೊಮ್ಮೆ ಹೇಳುತ್ತಾರೆ. ಮಾತುಕತೆಗೆ ಇಷ್ಟು ಸಾಕು. ಆದರೆ ದೂರದಲ್ಲಿ ಹಾರುತ್ತಿರುವ ಡ್ರೋನಿಗೆ ಕಳುಹಿಸಿದ ಆಜ್ಞೆ ತಡವಾದರೆ ಅಥವಾ ದಾರಿಯಲ್ಲೇ ಕಳೆದುಹೋದರೆ ಏನು ಗತಿ? ನಂಬಲಾಗದ ಸಂಪರ್ಕವನ್ನು ನೆಚ್ಚಿಕೊಂಡು ಯಂತ್ರವೊಂದನ್ನು ಹತೋಟಿಯಲ್ಲಿಡುವುದು ಹೇಗೆ? ಈ ಪ್ರಶ್ನೆಗೆ ಗಣಿತದ ತಳಹದಿ ಹಾಕಿದವರಲ್ಲಿ ನಾರ್ಬರ್ಟ್ ವೀನರ್ ಪ್ರಮುಖರು. ಅವರ ಜೀವನ ನಮ್ಮ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಹೆತ್ತವರಿಗೂ ಅಧ್ಯಾಪಕರಿಗೂ ಪಾಠವಾಗಿದೆ.

ವೀನರ್ ಹುಟ್ಟಿದ್ದು 1894ರ ನವೆಂಬರ್ 26ರಂದು, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ. ತಂದೆ ಲಿಯೋ ವೀನರ್ ಬಹುಭಾಷಾ ಪಂಡಿತರು, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಮಗನ ಶಿಕ್ಷಣವನ್ನು ಅವರೇ ವಹಿಸಿಕೊಂಡರು. ಪಾಠ ಪ್ರೀತಿಯಿಂದಲೇ ಆರಂಭವಾಗುತ್ತಿತ್ತು. ಆದರೆ ಹುಡುಗ ಒಂದು ತಪ್ಪು ಮಾಡಿದರೆ ಸಾಕು, ತಂದೆಯ ಸ್ವರ ಬದಲಾಗುತ್ತಿತ್ತು. ಬೈಗುಳ, ಕಣ್ಣೀರಿನೊಂದಿಗೆ ಪಾಠ ಮುಗಿಯುತ್ತಿತ್ತು. ಎಂಟನೇ ವಯಸ್ಸಿನಲ್ಲಿ ದೃಷ್ಟಿ ಕೆಟ್ಟು, ಆರು ತಿಂಗಳು ಓದಬಾರದೆಂದು ವೈದ್ಯರು ಹೇಳಿದಾಗಲೂ ಪಾಠ ನಿಲ್ಲಲಿಲ್ಲ. ಹುಡುಗ ಕಿವಿಯಿಂದ ಕೇಳಿ, ಮನಸ್ಸಿನಲ್ಲೇ ಲೆಕ್ಕ ಮಾಡಲು ಕಲಿತ.

ಫಲಿತಾಂಶ ಬೆರಗು ಹುಟ್ಟಿಸುವಂಥದ್ದು. 1906ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ ಕಾಲೇಜು ಪ್ರವೇಶ, 1909ರಲ್ಲಿ ಪದವಿ, 1913ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್! ಪತ್ರಿಕೆಗಳು ಬಾಲ ಪ್ರತಿಭೆ ಎಂದು ಕೊಂಡಾಡಿದವು. ತಂದೆಯಾದರೋ ನನ್ನ ಮಗ ಸಾಮಾನ್ಯ ಹುಡುಗ, ಇದೆಲ್ಲ ನನ್ನ ಶಿಕ್ಷಣದ ಫಲ ಎಂದು ಬಹಿರಂಗವಾಗಿಯೇ ಹೇಳಿಕೊಂಡರು. ಗೆದ್ದರೆ ತಂದೆಯ ಕೀರ್ತಿ, ಸೋತರೆ ತನ್ನ ದೋಷ ಎಂಬ ಭಾವನೆ ಮಗನ ಮನಸ್ಸಿನಲ್ಲಿ ಆಳವಾಗಿ ಬೇರೂರಿತು. ಖಿನ್ನತೆ ಜೀವನಪೂರ್ತಿ ಅವರನ್ನು ಕಾಡಿತು.

ಸೋಲುಗಳೂ ಇದ್ದವು. ಪ್ರಾಣಿಶಾಸ್ತ್ರ ಕಲಿಯಲು ಹೋದರೆ ಮಂದ ದೃಷ್ಟಿ ಅಡ್ಡ ಬಂತು. ಕೆಲಕಾಲ ವಿಶ್ವಕೋಶಕ್ಕೆ ಲೇಖನ ಬರೆದರು, ಪತ್ರಿಕೆಯಲ್ಲಿ ದುಡಿದರು. ಕೊನೆಗೆ 1919ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಗಣಿತ ಅಧ್ಯಾಪಕರಾದರು. ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳ ಅಡ್ಡಾದಿಡ್ಡಿ ಚಲನೆಗೆ 1923ರಲ್ಲಿ ಖಚಿತವಾದ ಗಣಿತ ರೂಪ ಕೊಟ್ಟರು. ಗೊತ್ತುಗುರಿ ಇಲ್ಲದಂತೆ ಕಾಣುವ ಚಲನೆಯನ್ನೂ ಲೆಕ್ಕಕ್ಕೆ ತರಬಹುದೆಂದು ಇದರಿಂದ ಸಿದ್ಧವಾಯಿತು.

ಎರಡನೇ ಮಹಾಯುದ್ಧದಲ್ಲಿ ಈ ಜ್ಞಾನಕ್ಕೆ ಪರೀಕ್ಷೆ ಬಂತು. ಶತ್ರು ವಿಮಾನವನ್ನು ಹೊಡೆಯಬೇಕಾದರೆ ಅದು ಈಗಿರುವ ಜಾಗಕ್ಕೆ ಗುರಿಯಿಟ್ಟು ಪ್ರಯೋಜನವಿಲ್ಲ. ಗುಂಡು ತಲುಪುವಷ್ಟರಲ್ಲಿ ವಿಮಾನ ಮುಂದೆ ಹೋಗಿರುತ್ತದೆ. ಅದು ಎಲ್ಲಿರುತ್ತದೆ ಎಂದು ಮೊದಲೇ ಊಹಿಸಬೇಕು. ಆದರೆ ಕೈಗೆ ಸಿಗುವ ಮಾಹಿತಿಯೇ ಕಲಬೆರಕೆ, ನಿಜವಾದ ಸಂಕೇತದ ಜೊತೆ ಗದ್ದಲವೂ ಸೇರಿರುತ್ತದೆ. ವೀನರ್ 1940ರಿಂದ ಇಂಜಿನಿಯರ್ ಜೂಲಿಯನ್ ಬಿಗೆಲೋ ಜೊತೆ ಈ ಕೆಲಸ ಮಾಡಿದರು. ಸಂಕೇತದ ಮತ್ತು ಗದ್ದಲದ ಸ್ವಭಾವ ಸರಾಸರಿಯಲ್ಲಿ ಗೊತ್ತಿದ್ದರೆ, ಹಿಂದಿನ ಪ್ರತಿಯೊಂದು ಅಳತೆಗೆ ಎಷ್ಟೆಷ್ಟು ಬೆಲೆ ಕೊಡಬೇಕೆಂದು ಅವರ ಸೂತ್ರ ಹೇಳುತ್ತಿತ್ತು. ತಪ್ಪು ಪೂರ್ತಿ ಇಲ್ಲವಾಗುವುದಿಲ್ಲ. ಆದರೆ ತಪ್ಪಿನ ವರ್ಗದ ಸರಾಸರಿ ಸಾಧ್ಯವಿದ್ದಷ್ಟು ಕಡಿಮೆಯಾಗುತ್ತದೆ. ಇದೇ ವೀನರ್ ಫಿಲ್ಟರ್. 1942ರ ಫೆಬ್ರವರಿಯಲ್ಲಿ ಸಿದ್ಧವಾದ ಆ ರಹಸ್ಯ ವರದಿಯ ಹೊದಿಕೆ ಹಳದಿ ಬಣ್ಣದ್ದು, ಒಳಗಿನ ಗಣಿತ ಇಂಜಿನಿಯರುಗಳನ್ನು ಹೆದರಿಸುವಷ್ಟು ಕಠಿಣ. ಅವರ ಯಂತ್ರ ಯುದ್ಧರಂಗಕ್ಕೆ ಹೋಗಲೇ ಇಲ್ಲ. ಸೂತ್ರ ಮಾತ್ರ ಉಳಿಯಿತು.

ಇನ್ನೊಂದು ವಿಷಯವನ್ನೂ ಅವರು ಗಮನಿಸಿದರು. ನೀವು ಸ್ನಾನದ ಮನೆಯಲ್ಲಿ ಬಿಸಿನೀರಿನ ನಲ್ಲಿ ತಿರುಗಿಸುತ್ತೀರಿ. ಉದ್ದ ಪೈಪಿನಲ್ಲಿ ನೀರು ಬರಲು ತಡವಾಗುತ್ತದೆ. ತಣ್ಣಗಿದೆಯೆಂದು ಇನ್ನೂ ತಿರುಗಿಸುತ್ತೀರಿ, ಸುಡುವ ನೀರು ಬರುತ್ತದೆ. ಗಾಬರಿಯಾಗಿ ಹಿಂದಕ್ಕೆ ತಿರುಗಿಸುತ್ತೀರಿ, ನೀರು ಮಂಜಿನಂತಾಗುತ್ತದೆ. ಸುದ್ದಿ ತಡವಾಗಿ ಬಂದಾಗ ಅತಿಯಾಗಿ ತಿದ್ದಿದರೆ ಹೀಗೆ ಓಲಾಟ ಆರಂಭವಾಗುತ್ತದೆ. ಮನುಷ್ಯರಲ್ಲೂ ಇಂಥದ್ದುಂಟೇ ಎಂದು ಅವರು ಗೆಳೆಯ, ಶರೀರಶಾಸ್ತ್ರಜ್ಞ ಆರ್ತುರೋ ರೋಸನ್‌ಬ್ಲೂತ್ ಅವರನ್ನು ವಿಚಾರಿಸಿದರು. ಉಂಟು ಎಂಬ ಉತ್ತರ ಬಂತು. ಕಿರುಮೆದುಳಿಗೆ ಪೆಟ್ಟಾದವರು ಲೋಟ ಎತ್ತಿಕೊಳ್ಳಲು ಹೋದರೆ ಕೈ ಗುರಿ ಮೀರಿ ಅತ್ತಿತ್ತ ಓಲಾಡುತ್ತದೆ. ಯಂತ್ರಕ್ಕೂ ಜೀವಿಗೂ ನಿಯಮ ಒಂದೇ ಎಂಬ ಈ ವಿಚಾರವೇ 1948ರಲ್ಲಿ ಸೈಬರ್ನೆಟಿಕ್ಸ್ ಎಂಬ ಗ್ರಂಥವಾಯಿತು. ಚುಕ್ಕಾಣಿ ಹಿಡಿಯುವವನು ಎಂಬರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ಅದೇ ವರ್ಷ ಕ್ಲಾಡ್ ಶಾನನ್, ಗದ್ದಲವಿರುವ ತಂತಿಯಲ್ಲೂ ಒಂದು ಮಿತಿಯೊಳಗಿನ ವೇಗದಲ್ಲಿ ಕಳುಹಿಸಿದರೆ ಸಂದೇಶದ ತಪ್ಪನ್ನು ಬೇಕಾದಷ್ಟು ಕಡಿಮೆ ಮಾಡಬಹುದೆಂದು ತೋರಿಸಿದರು.

ಮಿತ್ರರೇ, ವೀನರ್ ಅವರ ದೊಡ್ಡತನ ಗಣಿತದಲ್ಲಿ ಮಾತ್ರ ಇರಲಿಲ್ಲ. 1945ರ ಆಗಸ್ಟ್‌ನಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳು ಭಸ್ಮವಾದವು. ಮರುವರ್ಷ ಕ್ಷಿಪಣಿ ಕೆಲಸದಲ್ಲಿದ್ದ ಸಂಶೋಧಕರೊಬ್ಬರು ಅವರ ಯುದ್ಧಕಾಲದ ವರದಿಯ ಪ್ರತಿ ಕೇಳಿದರು. ವೀನರ್ ಕೊಡಲಿಲ್ಲ. ನಿರಪರಾಧಿಗಳನ್ನು ಕೊಲ್ಲುವ ಆಯುಧಕ್ಕೆ ತನ್ನ ವಿದ್ಯೆ ಬಳಕೆಯಾಗಬಾರದು ಎಂದು ಬರೆದರು. ಆ ಪತ್ರ 1947ರ ಜನವರಿಯಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಯುದ್ಧ ಗೆದ್ದ ದೇಶದಲ್ಲಿ ಹೀಗೆ ಹೇಳಲು ಧೈರ್ಯ ಬೇಕಿತ್ತು. ಯಂತ್ರಗಳಿಂದ ಕಾರ್ಮಿಕರು ಕೆಲಸ ಕಳೆದುಕೊಳ್ಳಬಹುದೆಂದು 1949ರಲ್ಲಿ ಕಾರ್ಮಿಕ ನಾಯಕ ವಾಲ್ಟರ್ ರೂಥರ್ ಅವರಿಗೂ ಪತ್ರ ಬರೆದು ಎಚ್ಚರಿಸಿದರು.

1955-56ರಲ್ಲಿ ಅವರು ನಮ್ಮ ದೇಶಕ್ಕೂ ಬಂದು ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅತಿಥಿ ಪ್ರಾಧ್ಯಾಪಕರಾಗಿದ್ದರು. ಭಾರತೀಯ ಗಣಿತಜ್ಞ ಪೆಸಿ ಮಸಾನಿ ಅವರೊಂದಿಗೆ ಸೇರಿ, ಒಂದೇ ಬಾರಿಗೆ ಹಲವು ಸಂಕೇತಗಳ ಮುಂದಿನ ಗತಿಯನ್ನು ಊಹಿಸುವ ಸಿದ್ಧಾಂತವನ್ನು ಬೆಳೆಸಿದರು. 1964ರ ಮಾರ್ಚ್ 18ರಂದು ಸ್ಟಾಕ್‌ಹೋಮ್‌ನಲ್ಲಿ ನಿಧನರಾದರು.

ಅವರು ತೆರೆದ ದಾರಿ ಮುಂದುವರಿಯಿತು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಪ್ರತಿ ಹೊಸ ಅಳತೆ ಬಂದಾಗಲೂ ಊಹೆಯನ್ನು ತಿದ್ದಿಕೊಳ್ಳುವ ಸುಲಭ ವಿಧಾನ ಕೊಟ್ಟರು. ಅಳತೆಗಳು ದಾರಿಯಲ್ಲಿ ಕಳೆದುಹೋಗುತ್ತಿದ್ದರೆ ಏನಾಗುತ್ತದೆಂದು 2004ರಲ್ಲಿ ಬ್ರೂನೋ ಸಿನೊಪೋಲಿ ಮತ್ತು ಸಂಗಡಿಗರು ಲೆಕ್ಕ ಹಾಕಿದರು. ತಾನಾಗಿ ಸ್ಥಿರವಾಗಿರದ ಯಂತ್ರಕ್ಕೆ ಒಂದು ಕನಿಷ್ಠ ಮಿತಿಯಿದೆ. ಸಂದೇಶ ತಲುಪುವ ಸಂಭವ ಅದಕ್ಕಿಂತ ಕಡಿಮೆಯಾದರೆ ಊಹೆಯ ತಪ್ಪು ಸರಾಸರಿಯಲ್ಲಿ ಮಿತಿಯಿಲ್ಲದೆ ಬೆಳೆಯುತ್ತದೆ. ಮಿತಿಗಿಂತ ಮೇಲಿದ್ದರೆ ಕೆಲವು ಸಂದೇಶ ಕಳೆದರೂ ಹತೋಟಿ ಉಳಿಯುತ್ತದೆ.

ಇದರಿಂದ ನಾವು ಕಲಿಯಬೇಕಾದದ್ದೇನು? ತಪ್ಪು ಮಾಡದವರು ಯಾರೂ ಇಲ್ಲ. ತಪ್ಪನ್ನು ತಿಳಿದು, ಅಳತೆಯರಿತು, ಸಕಾಲದಲ್ಲಿ ತಿದ್ದಿಕೊಳ್ಳುವುದೇ ಬುದ್ಧಿವಂತಿಕೆ. ಹೆತ್ತವರೇ, ಅಧ್ಯಾಪಕರೇ, ಮಕ್ಕಳನ್ನು ತಿದ್ದಿರಿ, ಆದರೆ ಅತಿಯಾಗಿ ತಿದ್ದಿ ಅವರ ಮನಸ್ಸು ಓಲಾಡುವಂತೆ ಮಾಡಬೇಡಿರಿ. ವಿದ್ಯಾರ್ಥಿಗಳೇ, ನಾಳೆ ನೀವು ಇಂಜಿನಿಯರುಗಳಾಗಿ, ವಿಜ್ಞಾನಿಗಳಾಗಿ ದೊಡ್ಡ ಹುದ್ದೆಗೇರಬಹುದು. ಆಗ ನಿಮ್ಮ ವಿದ್ಯೆಯನ್ನು ಕೇಳಿಕೊಂಡು ಬರುವವರು ಅದನ್ನು ಯಾವುದಕ್ಕೆ ಬಳಸುತ್ತಾರೆ ಎಂದು ಒಮ್ಮೆ ವಿಚಾರಿಸಿರಿ. ಕೊಡಬಾರದ ಕಡೆ ಇಲ್ಲ ಎನ್ನುವ ಧೈರ್ಯವೂ ವಿದ್ಯೆಯ ಒಂದು ಭಾಗವೇ ಆಗಿದೆ.