ಆಶುತೋಷ ಮುಖರ್ಜಿ

ಆಶುತೋಷ ಮುಖರ್ಜಿಯವರು 1864ರ ಜೂನ್ 29ರಂದು ಕಲ್ಕತ್ತ ನಗರದಲ್ಲಿ ಜನಿಸಿದರು. ತಂದೆ ಗಂಗಾಪ್ರಸಾದರು ವೈದ್ಯರು, ತಾಯಿ ಜಗತ್ತಾರಿಣೀದೇವಿ. ಬಾಲ್ಯದಿಂದಲೂ ಆಶುತೋಷರಿಗೆ ಗಣಿತದಲ್ಲಿ ಅಪಾರವಾದ ಒಲವು. ವಿದ್ಯಾರ್ಥಿಯಾಗಿದ್ದಾಗಲೇ ಅವರ ಗಣಿತ ಲೇಖನವೊಂದು ಇಂಗ್ಲೆಂಡಿನ ಪತ್ರಿಕೆಯಲ್ಲಿ ಪ್ರಕಟವಾಯಿತು. 1885ರಲ್ಲಿ ಗಣಿತದಲ್ಲಿ ಎಂ.ಎ. ಪದವಿಯನ್ನೂ ಮರುವರ್ಷ ಪ್ರೇಮಚಂದ್ ರಾಯಚಂದ್ ವಿದ್ಯಾರ್ಥಿವೇತನವನ್ನೂ ಅವರು ಪಡೆದರು. ಸಂಶೋಧನೆಯಲ್ಲಿಯೇ ಬಾಳನ್ನು ಸವೆಸಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ ಅದಕ್ಕೆ ತಕ್ಕ ಪೀಠವನ್ನು ಸ್ಥಾಪಿಸಲು ಹಣ ಒದಗಲಿಲ್ಲ. ಆಶುತೋಷರು ವಕೀಲಿ ವೃತ್ತಿಯನ್ನು ಹಿಡಿದು, 1904ರಲ್ಲಿ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು.

ತಮಗೆ ದೊರೆಯದ ಅವಕಾಶವನ್ನು ಮುಂದಿನವರಿಗೆ ಒದಗಿಸುವ ಕಾಲವೂ ಕೂಡಿಬಂದಿತು. 1857ರಲ್ಲಿ ಸ್ಥಾಪನೆಯಾದ ಕಲ್ಕತ್ತ ವಿಶ್ವವಿದ್ಯಾನಿಲಯವು ಬಹುಕಾಲ ಪರೀಕ್ಷೆ ನಡೆಸಿ ಪದವಿ ನೀಡುವ ಸಂಸ್ಥೆಯಾಗಿಯೇ ಇತ್ತು. ಬೋಧನೆಯ ಕಾರ್ಯ ಕಾಲೇಜುಗಳಿಗೆ ಸೇರಿತ್ತು. 1906ರಲ್ಲಿ ಆಶುತೋಷರು ಅದರ ಉಪಕುಲಪತಿಗಳಾದರು. ನ್ಯಾಯಾಧೀಶರ ಹೊಣೆಯ ಜೊತೆಗೆ ಈ ಭಾರವನ್ನೂ 1914ರವರೆಗೆ ಹೊತ್ತರು. ಅನಂತರವೂ ಅವರ ಪ್ರಯತ್ನ ನಿಲ್ಲಲಿಲ್ಲ. ಅದರ ಫಲವಾಗಿ 1917ರಲ್ಲಿ ಸ್ನಾತಕೋತ್ತರ ಬೋಧನೆ ಮತ್ತು ಸಂಶೋಧನೆಗಳು ವಿಶ್ವವಿದ್ಯಾನಿಲಯದ ನೇರ ಆಡಳಿತಕ್ಕೆ ಬಂದವು. ಕಲೆ ಮತ್ತು ವಿಜ್ಞಾನಗಳಿಗೆ ಪ್ರತ್ಯೇಕ ಮಂಡಲಿಗಳು ಏರ್ಪಟ್ಟವು.

ಕಟ್ಟಡಗಳಿಗಿಂತ ವಿದ್ವಾಂಸರೇ ಮುಖ್ಯವೆಂದು ಅರಿತ ಆಶುತೋಷರು ಪ್ರಾಂತಭೇದವೆಣಿಸದೆ ಅವರನ್ನು ಅರಸಿದರು. ಪ್ರಾಚೀನ ಭಾರತದ ಇತಿಹಾಸ ಪೀಠಕ್ಕೆ ದೇವದತ್ತ ರಾಮಕೃಷ್ಣ ಭಂಡಾರ್ಕರರನ್ನು ಕರೆತಂದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ ಅವರು 1921ರಲ್ಲಿ ಕಲ್ಕತ್ತೆಯ ತತ್ತ್ವಶಾಸ್ತ್ರ ಪೀಠವನ್ನು ಅಲಂಕರಿಸಿದರು.

ದೇಶಭಾಷೆಗಳು ಉನ್ನತ ವ್ಯಾಸಂಗಕ್ಕೆ ಯೋಗ್ಯವಲ್ಲವೆಂಬ ಭಾವನೆ ಆಗ ಬಲವಾಗಿತ್ತು. ಆಶುತೋಷರು ಇದನ್ನು ಒಪ್ಪಲಿಲ್ಲ. 1919ರಲ್ಲಿ ಭಾರತೀಯ ಭಾಷೆಗಳ ಎಂ.ಎ. ತರಗತಿ ಆರಂಭವಾಯಿತು. ಅವರ ಮಗ ಶ್ಯಾಮಪ್ರಸಾದರು ಬಿ.ಎ. ಪರೀಕ್ಷೆಯಲ್ಲಿ ಇಂಗ್ಲಿಷ್ ಆನರ್ಸ್ ಆರಿಸಿಕೊಂಡು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿದ್ದರೂ, ಎಂ.ಎ. ಪದವಿಗೆ ಬಂಗಾಳಿಯನ್ನೇ ಓದಿದರು. ಪರರಿಗೆ ಹೇಳಿದ ದಾರಿಯಲ್ಲಿ ಆಶುತೋಷರು ಮೊದಲು ತಮ್ಮ ಮನೆಯವರನ್ನೇ ನಡೆಸಿದ್ದರು.

1921ರಲ್ಲಿ ಅವರು ಮತ್ತೆ ಉಪಕುಲಪತಿಗಳಾದಾಗ ವಿಶ್ವವಿದ್ಯಾನಿಲಯವು ಹಣದ ಮುಗ್ಗಟ್ಟಿನಲ್ಲಿ ಸಿಲುಕಿತ್ತು. ಸರಕಾರವು ಎರಡೂವರೆ ಲಕ್ಷ ರೂಪಾಯಿಗಳನ್ನು ಕೊಡಲು ಮುಂದಾದರೂ, ಅದರೊಂದಿಗೆ ಕಠಿಣವಾದ ಷರತ್ತುಗಳನ್ನು ವಿಧಿಸಿತು. ಅಧ್ಯಾಪಕರ ಜೀವನೋಪಾಯವೇ ಸಂಕಟದಲ್ಲಿದ್ದ ಸಮಯವದು. ಆದರೂ ವಿದ್ಯೆಯ ಸ್ವಾತಂತ್ರ್ಯವನ್ನು ಹಣಕ್ಕಾಗಿ ಒತ್ತೆಯಿಡಲು ಆಶುತೋಷರು ಒಪ್ಪಲಿಲ್ಲ. 1923ರಲ್ಲಿ ಗವರ್ನರ್ ಲಿಟ್ಟನ್ ಅವರು ಸರಕಾರವನ್ನು ವಿರೋಧಿಸಬಾರದೆಂಬ ನಿಬಂಧನೆಯೊಡನೆ ಪದವಿಯನ್ನು ಮುಂದುವರಿಸುವುದಾಗಿ ತಿಳಿಸಿದಾಗ, ಆಶುತೋಷರು ಅದನ್ನು ನಿರಾಕರಿಸಿದರು.

1924ರ ಮೇ 25ರಂದು ಪಾಟ್ನಾದಲ್ಲಿ ಅವರು ನಿಧನರಾದರು. ತಮಗೆ ದೊರೆಯದ ಸಂಶೋಧನಾ ಪೀಠವನ್ನು ಅವರು ಅನೇಕರಿಗೆ ದೊರಕಿಸಿಕೊಟ್ಟಿದ್ದರು.