ದುಡಿಯ ಹಾಡನ್ನು ಬರೆದಿಟ್ಟವರು

ಸಾಲ್ಮಿಯಾದ ನಮ್ಮ ಮನೆಯಲ್ಲಿ ಕೊಡಗಿನಿಂದ ತಂದ ದುಡಿಯೊಂದಿದೆ, ನುಡಿಸಬಲ್ಲವರಿಲ್ಲ. ಅದನ್ನು ಕಂಡಾಗಲೆಲ್ಲ ನಡಿಕೇರಿಯಂಡ ಚಿಣ್ಣಪ್ಪನವರನ್ನು ನೆನೆಯುತ್ತೇನೆ.

1875ರಲ್ಲಿ ಕೊಡಗಿನಲ್ಲಿ ಜನಿಸಿದ ಅವರು ಶಿಕ್ಷಕರಾಗಿದ್ದರು, ಪೊಲೀಸ್ ಇಲಾಖೆಯಲ್ಲೂ ಸೇವೆ ಸಲ್ಲಿಸಿದರು, ಸ್ವತಃ ಹಾಡುಗಾರರು. ಮದುವೆಗೆ, ಹುತ್ತರಿಗೆ, ಸಾವಿಗೆ ನಾಲ್ವರು ದುಡಿ ಬಡಿಯುತ್ತ ಹಾಡುವ ಪಾಟುಗಳು ಆಗ ಹಿರಿಯರ ಕಂಠದಲ್ಲಿದ್ದವು. ಹಿರಿಯರೊಡನೆಯೇ ಅವು ಮಣ್ಣಾಗದಂತೆ ಚಿಣ್ಣಪ್ಪನವರು ಕೊಡವ ನುಡಿಯನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟು, 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು. 1931ರಲ್ಲಿ ತೀರಿಕೊಂಡರು. ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಹಾಗೂ ಚಿಣ್ಣಪ್ಪ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು.

ಕನ್ನಡ ಓದಲಾರದ ನನ್ನ ಮಗ ಆ ಅನುವಾದವನ್ನು ಓದಿ ಧಾಟಿ ಹೇಗೆಂದು ಕೇಳಿದ. ನನಗೆ ಬರುವುದು ಎರಡೇ ಸಾಲು. ಆ ರಾತ್ರಿಯೇ ಊರಿನ ಸೋದರಮಾವನಿಗೆ ಫೋನ್ ಮಾಡಿದೆ.