ಹರ್ಡೇಕರ ಮಂಜಪ್ಪ

ಹರ್ಡೇಕರ ಮಂಜಪ್ಪ (18 ಫೆಬ್ರುವರಿ 1886 – 3 ಜನವರಿ 1947) ಶಿಕ್ಷಕರು, ಪತ್ರಕರ್ತರು, ಪ್ರವಚನಕಾರರು ಹಾಗೂ ಸ್ವಾತಂತ್ರ್ಯ ಹೋರಾಟಗಾರರು. 'ಕರ್ನಾಟಕದ ಗಾಂಧಿ' ಎಂದೇ ಪ್ರಸಿದ್ಧರು.

ಉತ್ತರ ಕನ್ನಡ ಜಿಲ್ಲೆಯ ಬನವಾಸಿಯ ಬಡ ಕುಟುಂಬದಲ್ಲಿ ಜನಿಸಿದ ಇವರು ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಶಿರಸಿಯಲ್ಲಿ ಶಾಲಾ ಶಿಕ್ಷಕರಾದರು. ಸ್ವದೇಶಿ ಚಳವಳಿಯ ಪ್ರಭಾವದಿಂದ ಆ ನೌಕರಿಯನ್ನು ತ್ಯಜಿಸಿ, 1906ರಲ್ಲಿ ದಾವಣಗೆರೆಯಿಂದ 'ಧನುರ್ಧಾರಿ' ಪತ್ರಿಕೆಯನ್ನು ಹೊರಡಿಸಿದರು. 1913ರಲ್ಲಿ ಅದೇ ಊರಿನಲ್ಲಿ ಮೃತ್ಯುಂಜಯ ಸ್ವಾಮಿಗಳೊಡನೆ ಬಸವ ಜಯಂತಿಯ ಸಾರ್ವಜನಿಕ ಆಚರಣೆಗೆ ನಾಂದಿ ಹಾಡಿದರು. ಹರಿಹರದ ತುಂಗಭದ್ರಾ ತೀರದಲ್ಲಿ ಕೆಲಕಾಲ ಆಶ್ರಮ ನಡೆಸಿದರು.

ನೌಕರಿಯನ್ನು ಬಿಟ್ಟರೂ ಶಿಕ್ಷಕತನ ಅವರನ್ನು ಬಿಡಲಿಲ್ಲ. 1927ರಲ್ಲಿ ಅಂದಿನ ವಿಜಾಪುರ ಜಿಲ್ಲೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಗೆ ಬಂದು, ಕೃಷ್ಣಾ ತೀರದಲ್ಲಿ ವಿದ್ಯಾಲಯವನ್ನು ಸ್ಥಾಪಿಸಿದರು. ಬಸವಣ್ಣನವರು ಜನಿಸಿದ ಸೀಮೆ ಅದು. ಅಕ್ಷರಾಭ್ಯಾಸದೊಡನೆ ಕಾಯಕ, ಸ್ವಾವಲಂಬನೆ, ಸಂಯಮಗಳೂ ವಿದ್ಯೆಯ ಅಂಗವಾಗಬೇಕೆಂಬುದು ಅವರ ನಿಲುವಾಗಿತ್ತು. ಗಮನವನ್ನು ಒಂದೆಡೆ ನಿಲ್ಲಿಸುವುದು, ಆವೇಗವನ್ನು ತಡೆಯುವುದು, ಕೈಗೊಂಡ ಕೆಲಸವನ್ನು ಯೋಜಿಸಿ ಮುಗಿಸುವುದು – ಇವನ್ನು ಇಂದಿನ ಮನೋವಿಜ್ಞಾನಿಗಳೂ ವಾಕ್-ಭಾಷಾ ತಜ್ಞರೂ ಕಾರ್ಯನಿರ್ವಹಣಾ ಕೌಶಲಗಳೆಂದು ಕರೆಯುತ್ತಾರೆ. ಮಂಜಪ್ಪನವರಿಗೆ ಅದು ಶೀಲದ ಪ್ರಶ್ನೆ. ಸ್ವತಃ ಆಜೀವ ಬ್ರಹ್ಮಚರ್ಯ ವ್ರತ ತೊಟ್ಟಿದ್ದ ಅವರು ಸಂಯಮವನ್ನು ವ್ರತದಂತೆ ಕಂಡರು. ಮಕ್ಕಳಲ್ಲಿ ಅದು ವಯಸ್ಸಿನೊಡನೆ ನಿಧಾನವಾಗಿ ಬಲಿಯುವ ಶಕ್ತಿಯೆಂಬ ಅರಿವು ಶಾಲೆಗಳಿಗೆ ಇನ್ನೂ ತಲುಪಿರಲಿಲ್ಲ. ಆದರೂ ಪರೀಕ್ಷೆಯ ಅಂಕವೇ ವಿದ್ಯೆಯೆಂದು ಬಗೆಯುತ್ತಿದ್ದ ಕಾಲದಲ್ಲಿ ಅವರ ಆಗ್ರಹ ಸಣ್ಣದಲ್ಲ.

ಸ್ವಾತಂತ್ರ್ಯ ಬರಲು ಏಳು ತಿಂಗಳಿಗೂ ಹೆಚ್ಚು ಕಾಲ ಉಳಿದಿರುವಾಗಲೇ ನಿಧನರಾದರು. ಅವರ ಸಮಾಧಿ ಆಲಮಟ್ಟಿಯಲ್ಲಿದೆ.